ಮೂರು ಸಲ ಕೇಳಬೇಕಿತ್ತು

ನನ್ನ ಅತ್ತಿಗೆ ತೂರಾನ್ ತನ್ನ ಅರವತ್ತೊಂದು ವರ್ಷದ ಬದುಕಿನಲ್ಲಿ ಯಾವುದಕ್ಕೂ ಮೊದಲ ಸಲಕ್ಕೇ ಹೂಂ ಅಂದವಳಲ್ಲ. ಟೀ ಬೇಕೇ ಅಂದರೆ ಬೇಡ. ಕೂತುಕೊಳ್ಳಿ ಅಂದರೆ, ಇಲ್ಲ ನೀವು ಕೂತುಕೊಳ್ಳಿ. ಹೊಟ್ಟೆ ಚುರುಗುಟ್ಟುತ್ತಿದ್ದರೂ, ಈಗ ತಾನೇ ಊಟ ಆಯಿತು. ನಮ್ಮ ಇರಾನಿನವರೆಲ್ಲ ಹೀಗೆಯೇ. ಕೊಡುವವರು ಮೂರು ಸಲ ಕೇಳಬೇಕು, ತೆಗೆದುಕೊಳ್ಳುವವರು ಎರಡು ಸಲ ಬೇಡ ಅನ್ನಬೇಕು, ಮೂರನೆಯದಕ್ಕೆ "ನಿಮಗೆ ತೊಂದರೆ ಇಲ್ಲದಿದ್ದರೆ" ಅಂತ ತಲೆಬಾಗಿಸಿ ಒಪ್ಪಬೇಕು. ಅದು ಮರ್ಯಾದೆ. ಆದರೆ ನಾವೆಲ್ಲ ಅದರಲ್ಲಿ ಪಾಸಾದವರು ಅಷ್ಟೇ, ಅತ್ತಿಗೆ ಚಿನ್ನದ ಪದಕ ತೆಗೆದುಕೊಂಡವಳು. ನಮ್ಮೂರು ಅರಾಕ್‌ನಲ್ಲಿ ಈ ಮರ್ಯಾದೆಯಿಂದ ಯಾರೂ ಉಪವಾಸ ಬಿದ್ದಿರಲಿಲ್ಲ. ಹಾಲೆಂಡಿಗೆ ಬಂದ ಮೊದಲ ವಾರವೇ ಬಿದ್ದೆವು.

ಪಕ್ಕದ ಮನೆಯ ಟ್ರೂಸ್ ಅಜ್ಜಿ ಅತ್ತಿಗೆಯನ್ನು ಒಳಗೆ ಕರೆದು, ಖಾಲಿ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ, ಕಾಫಿ ಕುಡಿಯುತ್ತೀರಾ ಅಂತ ಕೇಳಿದ್ದಳು. ಅತ್ತಿಗೆ ಎದೆಯ ಮೇಲೆ ಕೈಯಿಟ್ಟು ಬೇಡ ಅಂದಳು. ಟ್ರೂಸ್ ಅಜ್ಜಿ ಸರಿ ಅಂತ ಕಪ್ಪನ್ನು ಬೀರುವಿಗೆ ವಾಪಸು ಇಟ್ಟು, ತನಗೊಂದೇ ಬಗ್ಗಿಸಿಕೊಂಡು, ಇವಳೆದುರು ಕೂತು ಆರಾಮವಾಗಿ ಕುಡಿದಳು. ಮನೆಗೆ ಬಂದ ಅತ್ತಿಗೆಯ ಮುಖ ನೋಡಬೇಕಿತ್ತು.

"ಎಂಥಾ ಜನ ಇವ್ರು! ಕಪ್ಪು ಕೈಯಲ್ಲೇ ಇತ್ತು ಕಣೇ ಅಗ್ದಸ್! ಕೈಯಲ್ಲಿದ್ದ ಕಪ್ಪನ್ನ ವಾಪಸ್ ಇಟ್ಬಿಟ್ಲು!"

ನಾನೂ ನನ್ನ ಅಣ್ಣ ಹಶ್ಮತನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಇಪ್ಪತ್ತೆರಡು ವರ್ಷ ಅದೇ ನಮ್ಮ ಮನೆಯ ತಮಾಷೆ. ಏನಾದರೂ ಬೇಡ ಅಂದರೆ ಅಣ್ಣ, "ಬೇಗ ಹೂಂ ಅನ್ನು, ಕಪ್ಪು ಬೀರುವಿಗೆ ಹೋಗುತ್ತೆ" ಅನ್ನುತ್ತಿದ್ದ.

ನಾನು ಅವರ ಮನೆಯ ಮೇಲಿನ ಮಹಡಿಯಲ್ಲೇ ಇರುವವಳು, ಗಂಡ ಸತ್ತವಳು, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಡಚ್ ಮುದುಕಿಯರ ಜೊತೆ ದಿನಾ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಅಂತ ಜಗಳವಾಡಿಯೇ ಭಾಷೆ ಕಲಿತೆ. ಬಾಯಿ ಜೋರು ಅಂತ ನಮ್ಮವರಲ್ಲಿ ನನಗೆ ಹೆಸರಿದೆ, ಇರಲಿ. ಅಣ್ಣ ಕೋಳಿ ಕಾರ್ಖಾನೆಯಲ್ಲಿ ತುರ್ಕಿಯವರ ಜೊತೆ ದುಡಿದು ದುಡಿದು ಡಚ್ಚಿಗಿಂತ ಟರ್ಕಿಶ್ ಚೆನ್ನಾಗಿ ಕಲಿತ. ಅತ್ತಿಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಆಲ್ಟರ್ ಮಾಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದಳು. ಅವಳಿಗೆ ಬರುತ್ತಿದ್ದ ಡಚ್ ಅಂದರೆ ಜಿಪ್ಪು, ಅಂಚು, ಉದ್ದ, ಗಿಡ್ಡ, ಗುರುವಾರ ಬನ್ನಿ, ಚೆನ್ನಾಗಿದೆ, ಥ್ಯಾಂಕ್ಸ್. ಹಾಗಾಗಿ ಬ್ಯಾಂಕಿಗೋ ಮುನ್ಸಿಪಾಲಿಟಿಗೋ ಡಾಕ್ಟರ ಹತ್ತಿರವೋ ಹೋಗಬೇಕಾದರೆ ಆ ಮನೆಗೆ ನಾನೇ ನಾಲಿಗೆ.

ನಾವು ಬಂದ ಇಪ್ಪತ್ತೆರಡನೆಯ ವರ್ಷ, ಸೆಪ್ಟೆಂಬರಿನಲ್ಲಿ, ಅತ್ತಿಗೆಗೆ ಹೊಟ್ಟೆನೋವು ಶುರುವಾಯಿತು. ಪಕ್ಕೆಲುಬಿನ ಕೆಳಗೆ ಎದ್ದು ಬೆನ್ನಿಗೆ ಹೋಗುವ ನೋವು. ಯಾರಿಗೂ ಹೇಳಲಿಲ್ಲ. ಅಣ್ಣ ಬಂದು ನನ್ನ ಹತ್ತಿರ ಪಿಸುಗುಟ್ಟಿದ. "ದಿಂಬು ಕಚ್ಕೊಂಡು ಮಲಗ್ತಾಳೆ ಕಣೇ. ಏನು ಅಂದ್ರೆ, ಏನಿಲ್ಲ ನೀವು ಮಲ್ಕೊಳ್ಳಿ ಅಂತಾಳೆ. ನೀನೇ ಕರ್ಕೊಂಡು ಹೋಗು."

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನು ಹಿಡಿದು, ಇಪ್ಪತ್ತು ನಿಮಿಷ ಸಂಗೀತ ಕೇಳಿ, ಡಾಕ್ಟರ ಸಹಾಯಕಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಅಕ್ಟೋಬರ್ ಕೊನೆಗೆ ಹತ್ತು ನಿಮಿಷದ ಸಮಯ ಗಿಟ್ಟಿಸಿದೆ. ನಾನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದರೆ ಇವಳ ಪತ್ತೆಯೇ ಇಲ್ಲ. ಬಸ್ಸು ಹೋಯಿತು. ಕೊನೆಗೆ ಬಂದಳು. ಇಸ್ತ್ರಿ ಮಾಡಿದ ರೇಷ್ಮೆ ಬ್ಲೌಸು, ತುಟಿಗೆ ಬಣ್ಣ, ಕೆನ್ನೆಗೆ ಕೆಂಪು, ಕೈಯಲ್ಲಿ ರಿಬ್ಬನ್ ಕಟ್ಟಿದ ಡಬ್ಬಿ.

"ಏನದು?"

"ಕಡಲೆಹಿಟ್ಟಿನ ಬಿಸ್ಕತ್ತು. ಡಾಕ್ಟ್ರಿಗೆ. ಕೈ ಬೀಸ್ಕೊಂಡು ಹೋಗಕ್ಕಾಗುತ್ತಾ?"

"ಅತ್ತಿಗೆ, ನೀನು ಕಾಯಿಲೆ ತೋರಿಸ್ಕೊಳ್ಳೋಕೆ ಹೋಗ್ತಿದೀಯೋ ಹೆಣ್ಣು ನೋಡೋಕೋ?"

"ರೋಗಿಷ್ಟೆ ಥರ ಹೋಗಿ ಅವರ ದಿನ ಯಾಕೆ ಹಾಳ್ಮಾಡ್ಲಿ?" ಅಂದಳು.

ಕಾಯುವ ಕೋಣೆ ತುಂಬಿತ್ತು. ಒಬ್ಬ ಮುದುಕ ಎದ್ದು ನನಗೆ ಜಾಗ ಕೊಟ್ಟ. ನಾನು ಥ್ಯಾಂಕ್ಸ್ ಹೇಳಿ ಕೂತೆ. ಬೆಳಿಗ್ಗೆ ಐದರಿಂದ ನಿಂತ ಕಾಲು ನನ್ನದು. ಅತ್ತಿಗೆ ಬಗ್ಗಿ ಕಿವಿಯ ಹತ್ತಿರ ಅಂದಳು, "ಒಂದ್ಸಲ ಅಂದಿದ್ದಕ್ಕೇ ಕೂತ್ಬಿಟ್ಯಲ್ಲೇ! ಪೂರ್ತಿ ಇವರ ಥರಾನೇ ಆಗ್ಬಿಟ್ಟೆ ನೀನು. ನಿಮ್ಮಮ್ಮ ಸಾಕಿದ್ದು ಹೀಗೇನಾ?"

ನನಗೆ ಪಿತ್ತ ನೆತ್ತಿಗೇರಿತು. ನನ್ನ ಅಮ್ಮನನ್ನು ಆಡಿಕೊಂಡರೆ ನಾನು ಸುಮ್ಮನಿರುವವಳಲ್ಲ. ಆದರೆ ಅಷ್ಟು ಜನರ ಮುಂದೆ ಏನು ಮಾಡಲಿ? ಹಲ್ಲು ಕಚ್ಚಿಕೊಂಡು ಕೂತೆ. ಇದನ್ನು ನೆನಪಿಡಿ, ಯಾಕೆಂದರೆ ಮುಂದಿನದೆಲ್ಲ ಈ ಸಿಟ್ಟಿನಿಂದಲೇ ಆದದ್ದು. ಬೇರೆಯವರ ಮೇಲೆ ಹಾಕಲು ನನ್ನ ಹತ್ತಿರ ಏನೂ ಇಲ್ಲ.

ಡಾಕ್ಟರು ಒಳ್ಳೆಯವರೇ. ಉದ್ದನೆಯ ಆಳು, ಹೆಸರು ವೆಸ್ಸೆಲಿಂಕ್. ಹೇಗಿದ್ದೀರಿ ಅಂತ ಕೇಳಿದರು.

"ದೇವರ ದಯೆ, ನಿಮ್ಮ ನೆರಳಲ್ಲಿ ಚೆನ್ನಾಗಿದೀನಿ," ಅಂದಳು ಅತ್ತಿಗೆ. "ನಿಮ್ಮನೇಲಿ ಎಲ್ರೂ ಸೌಖ್ಯನಾ? ಮಕ್ಕಳು ಚೆನ್ನಾಗಿದಾರಾ? ಅವರ ಅಜ್ಜಿ ಇದಾರಾ?" ಹತ್ತು ನಿಮಿಷದಲ್ಲಿ ಎರಡು ನಿಮಿಷ ಡಾಕ್ಟರ ಮಕ್ಕಳಿಗೇ ಹೋಯಿತು. ಬಿಸ್ಕತ್ತಿನ ಡಬ್ಬಿಗೆ ಇನ್ನೊಂದು.

ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಎಷ್ಟು ಅಂಕ ಕೊಡುತ್ತೀರಿ ಅಂತ ಡಾಕ್ಟರು ಕೇಳಿದರು. ಅತ್ತಿಗೆ ನನ್ನ ಕಡೆ ತಿರುಗಿದಳು. "ಎಷ್ಟು ಅಂದ್ರೆ ಮರ್ಯಾದೆ?"

"ಮರ್ಯಾದೆ ಅಲ್ಲ, ನೋವು! ಎಂಟು ಅನ್ನು."

"ಎಂಟಾ? ಪಾಪ, ಬೆಳಿಗ್ಗೆ ಬೆಳಿಗ್ಗೆ ಗಾಬರಿ ಬೀಳ್ತಾರೆ. ಮೂರು ಅನ್ನು."

ನಾನು ಐದು ಅಂದೆ. ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿದರು. ಅತ್ತಿಗೆ ನಗುತ್ತಲೇ ಇದ್ದಳು. ಹಣೆಯಲ್ಲಿ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು. ಡಾಕ್ಟರು ಕುರ್ಚಿಗೆ ವಾಪಸು ಬಂದು, ಜಠರದ ಉರಿ ಇರಬಹುದು, ಮಾತ್ರೆ ಬರೆಯುತ್ತೇನೆ ಅಂದರು. ಆಮೇಲೆ ಪೆನ್ನು ತಿರುಗಿಸುತ್ತಾ, "ಆದ್ರೂ ಇವರ ವಯಸ್ಸಿಗೆ, ಬೇಕಂದ್ರೆ ಆಸ್ಪತ್ರೆಗೆ ಚೀಟಿ ಕೊಡ್ತೀನಿ. ಸ್ಕ್ಯಾನ್ ಮಾಡಿ ನೋಡ್ಲಿ. ಬೇಕಾ? ಕೇಳಿ ಅವರನ್ನ," ಅಂದರು.

ಈ ದೇಶದಲ್ಲಿ ಆ ಚೀಟಿ ಇಲ್ಲದೆ ಆಸ್ಪತ್ರೆಯ ಯಾವ ತಜ್ಞರೂ ನಿಮ್ಮನ್ನು ನೋಡುವುದಿಲ್ಲ. ಅದಕ್ಕಾಗಿ ಆರು ತಿಂಗಳು ಓಡಾಡಿ ಚಪ್ಪಲಿ ಸವೆಸಿದವರು ನಮ್ಮಲ್ಲಿದ್ದಾರೆ. ಅದನ್ನು ಡಾಕ್ಟರೇ ತಾವಾಗಿ ಕೊಡುತ್ತೇನೆ ಅನ್ನುತ್ತಿದ್ದಾರೆ.

ನಾನು ಅತ್ತಿಗೆಗೆ ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟಳು. "ಅಯ್ಯೋ, ಬೇಡ ಬೇಡ. ನನ್ನಂಥವಳಿಗೋಸ್ಕರ ನೀವ್ಯಾಕೆ ತೊಂದ್ರೆ ತಗೋತೀರಾ?"

ಅವಳ ಕಣ್ಣು ಡಾಕ್ಟರ ಮುಖದ ಮೇಲೇ ಇತ್ತು. ಎರಡನೆಯ ಸಲ ಕೇಳಲಿ ಅಂತ ಕಾಯುತ್ತಿದ್ದಳು. ಅದು ನನಗೆ ಗೊತ್ತಿತ್ತು. ಇವರು ಎರಡನೆಯ ಸಲ ಕೇಳುವುದಿಲ್ಲ ಅನ್ನುವುದೂ ಗೊತ್ತಿತ್ತು. ಆ ಕೋಣೆಯಲ್ಲಿ ಎರಡೂ ಗೊತ್ತಿದ್ದವಳು ನಾನೊಬ್ಬಳೇ. ಹೂಂ ಅನ್ನಲು ಒಂದು ಉಸಿರು ಸಾಕಿತ್ತು. ಆದರೆ ಮೈ ಇನ್ನೂ ಉರಿಯುತ್ತಿತ್ತು. ನಾನು ಇವರ ಥರ ಆಗಿಬಿಟ್ಟೆನಾ? ಆಗಲಿ, ಬೇಡ ಅಂದರೆ ಬೇಡವೇ. ಒಂದು ಸಲವಾದರೂ ಇವಳಿಗೆ ಬುದ್ಧಿ ಬರಲಿ.

"ಬೇಡವಂತೆ," ಅಂದೆ.

ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡರು. "ನಿಮ್ಮಿಷ್ಟ. ಕಮ್ಮಿ ಆಗ್ಲಿಲ್ಲ ಅಂದ್ರೆ ಫೋನ್ ಮಾಡಿ," ಅಂತ ಎದ್ದು ಕೈಕುಲುಕಿದರು.

ಮೆಟ್ಟಿಲು ಇಳಿಯುವಾಗ ಅತ್ತಿಗೆ ನಿಂತಳು. "ಅಷ್ಟೇನಾ? ಇನ್ನೊಂದ್ಸಲ ಕೇಳ್ಲೇ ಇಲ್ವಲ್ಲೇ."

"ಇಲ್ಲಿ ಒಂದೇ ಸಲ ಕೇಳೋದು. ಕಪ್ಪು ಬೀರುವಿಗೆ ಹೋಯ್ತು," ಅಂದೆ. ಅವಳು ನಗಲಿಲ್ಲ.

ಮರುದಿನ ನಾನೇ ಫೋನು ಮಾಡಿ ಚೀಟಿ ತೆಗೆದುಕೊಳ್ಳಬೇಕು ಅಂತ ಮನಸ್ಸಿನಲ್ಲಿ ಇತ್ತು, ದೇವರಾಣೆಗೂ ಇತ್ತು. ಮರುದಿನ ಆಶ್ರಮದ ಫ್ರಿಜ್ಜು ಕೆಟ್ಟು, ಎಂಬತ್ತು ಜನರ ಮಾಂಸ ಕರಗಿ ನೀರಾಗಿತ್ತು. ಅದರ ಮರುದಿನ ಅತ್ತಿಗೆ, ಮಾತ್ರೆಯಿಂದ ಎಷ್ಟೋ ವಾಸಿ ಅಂದಳು. ಅವಳ ಮಾತನ್ನು ನಂಬುವಂತಿಲ್ಲ ಅಂತ ಗೊತ್ತಿದ್ದೂ ನಂಬಿದೆ. ನಂಬುವುದು ನನಗೆ ಸುಲಭವಾಗಿತ್ತು.

ಡಿಸೆಂಬರಿನಲ್ಲಿ ಊಟ ಅರ್ಧಕ್ಕರ್ಧ ಕಮ್ಮಿಯಾಯಿತು. ನಾನು ಅವಳ ಮನೆಯಲ್ಲೇ ಫೋನು ಎತ್ತಿದೆ. ಅತ್ತಿಗೆ ಬಂದು ನನ್ನ ಕೈ ಅದುಮಿ ಹಿಡಿದಳು.

"ಬೇಡ್ವೇ. ಯಾವ ಮುಖ ಇಟ್ಕೊಂಡು ಕೇಳ್ಲಿ? ಅವ್ರು ಕೊಡ್ತೀನಂದ್ರು, ನಾನೇ ಬೇಡ ಅಂದೆ. ಈಗ ಹೋಗಿ ಕೊಡಿ ಅಂದ್ರೆ ನಾಚಿಕೆ ಆಗಲ್ವಾ? ಓದಿದ ಮನುಷ್ಯ, ಅವರಿಗೇ ನೆನಪಿರುತ್ತೆ. ಅವ್ರೇ ಕರೀತಾರೆ ನೋಡ್ತಿರು."

"ಕರೆಯಲ್ಲ ಅತ್ತಿಗೆ. ಸತ್ರೂ ಕರೆಯಲ್ಲ."

"ಬಿಡ್ತು ಅನ್ನು. ನಮ್ಮ ಚಳಿಗಾಲದ ಹಬ್ಬ ಹತ್ರ ಬರ್ತಿದೆ."

ಜನವರಿಯಲ್ಲಿ ಅವಳಿಗೆ ಹೇಳದೆ, ಚೀಟಿ ಕೇಳಲು, ಆಶ್ರಮದಿಂದ ಡಾಕ್ಟರಿಗೆ ಫೋನು ಮಾಡಿದೆ. ಜ್ವರ ಇದೆಯಾ, ವಾಂತಿ ಇದೆಯಾ, ರಕ್ತ ಹೋಗುತ್ತಿದೆಯಾ? ಇಲ್ಲ, ಇಲ್ಲ, ಇಲ್ಲ. ಹಾಗಾದರೆ ನಾವೇ ಅವರ ಜೊತೆ ಮಾತಾಡುತ್ತೇವೆ ಅಂದಳು ಸಹಾಯಕಿ. ಅವಳು ಮಾತು ತಪ್ಪಲಿಲ್ಲ, ಅದೇ ಸಂಜೆ ಮಾಡಿದಳು. ಅತ್ತಿಗೆ ಫೋನೆತ್ತಿ, ತನಗೆ ಬರುತ್ತಿದ್ದ ಡಚ್ಚಿನಲ್ಲಿ ಚೆನ್ನಾಗಿದೆ ಚೆನ್ನಾಗಿದೆ ಥ್ಯಾಂಕ್ಸ್ ಅಂತ ಹೇಳಿ ಇಟ್ಟಳಂತೆ. ರಾತ್ರಿ ಅಣ್ಣ ಹೇಳಿದಾಗ ನಾನು ತಲೆ ಚಚ್ಚಿಕೊಂಡೆ. ಅತ್ತಿಗೆಗೆ ಮಾತ್ರ ಖುಷಿಯೋ ಖುಷಿ. "ನೋಡ್ದ್ಯಾ, ವಿಚಾರಿಸ್ಕೊಂಡ್ರು!" ಅಂದಳು. "ಇನ್ನೊಂದ್ಸಲ ಮಾಡ್ತಾರೆ, ಆಗ ಹೇಳೋಣ."

ಮಾರ್ಚ್ ಬಂತು, ನಮ್ಮ ಹೊಸ ವರ್ಷ. ಅತ್ತಿಗೆ ಗೋಧಿ ಮೊಳಕೆ ಬರಿಸಿ, ಕಿಟಕಿಯ ಹತ್ತಿರ ಮೇಜಿನ ಮೇಲೆ ಸೇಬು, ಬೆಳ್ಳುಳ್ಳಿ, ಕನ್ನಡಿ ಎಲ್ಲ ಜೋಡಿಸುತ್ತಿದ್ದಳು. ಬಗ್ಗಿ ಕನ್ನಡಿ ಸರಿಸಿದಾಗ ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಕಣ್ಣಿನ ಬಿಳಿ ಅನ್ನುವುದು ಇರಲೇ ಇಲ್ಲ. ಹಳದಿ.

"ಕೇಸರಿ ಅನ್ನ ಜಾಸ್ತಿ ಆಯ್ತು ಇವಳಿಗೆ," ಅಂದ ಅಣ್ಣ, ಪಾಪ, ತಮಾಷೆಗೆ.

ಸಮಯ ಗೊತ್ತುಮಾಡದೆ, ಫೋನು ಮಾಡದೆ, ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಬಾಗಿಲು ಬಡಿದೆ. ಸಹಾಯಕಿ ಏನೋ ಅನ್ನಲು ಬಾಯಿ ತೆರೆದವಳು ಅತ್ತಿಗೆಯ ಕಣ್ಣು ನೋಡಿ ಮುಚ್ಚಿಕೊಂಡಳು. ಡಾಕ್ಟರು ಬಂದರು, ಒಂದು ಕ್ಷಣ ನೋಡಿದರು, ಫೋನೆತ್ತಿದರು. ಬೇಕಾ ಬೇಡವಾ ಅಂತ ಯಾರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಪರೀಕ್ಷೆ ನಡೆಯಿತು. ಐದನೆಯ ದಿನ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನೂ ಅಣ್ಣನನ್ನೂ ಅತ್ತಿಗೆಯ ಹಾಸಿಗೆಯ ಪಕ್ಕದಲ್ಲೇ ಕೂರಿಸಿಕೊಂಡಳು. ತೂಕ ಇಳಿಯಲು ಶುರುವಾಗಿದ್ದು ಯಾವಾಗ ಅಂತ ಕೇಳಿದಳು.

"ಈಗ ಸ್ವಲ್ಪ ದಿನದಿಂದ ಅಷ್ಟೇ," ಅಂದಳು ಅತ್ತಿಗೆ.

ಕುರ್ಚಿಯ ಬೆನ್ನಿನ ಮೇಲೆ ಅವಳ ಕಂದು ಬಣ್ಣದ ಉಣ್ಣೆಯ ಸ್ಕರ್ಟು ಇತ್ತು, ಹಬ್ಬದ ದಿನ ಉಟ್ಟು ಬಂದದ್ದು. ಮಡಚಿಡಲು ಅಂತ ಕೈಗೆ ತೆಗೆದುಕೊಂಡವಳು ಒಳಮಗ್ಗುಲು ನೋಡಿ ಅಲ್ಲೇ ನಿಂತೆ. ಸೊಂಟದ ಹತ್ತಿರ ನಾಲ್ಕು ಸಾಲು ಹೊಲಿಗೆ. ಒಂದರ ಒಳಗೆ ಒಂದು, ಮೈ ಇಳಿದ ಹಾಗೆಲ್ಲ ಬಿಗಿ ಮಾಡಿಕೊಂಡದ್ದು. ತನ್ನ ಬಟ್ಟೆಗೆ ಅವಳು ಯಾವತ್ತೂ ಹೊಸ ದಾರ ಹಾಕಿದವಳಲ್ಲ, ಗಿರಾಕಿಗಳ ಕೆಲಸ ಮುಗಿದು ಉಳಿದದ್ದರಲ್ಲೇ ಮುಗಿಸುತ್ತಿದ್ದಳು. ಮೊದಲ ಸಾಲು ಕಡು ಹಸಿರು. ಊರ ಬ್ಯಾಂಡಿನವರ ಕೋಟುಗಳನ್ನು ಅವಳು ರಿಪೇರಿ ಮಾಡಿದ್ದು ಸೆಪ್ಟೆಂಬರಿನಲ್ಲಿ. ಎರಡನೆಯದು ಕೆಂಪು, ಇಲ್ಲಿಯವರ ಡಿಸೆಂಬರಿನ ಹಬ್ಬದ ವೇಷಗಳದ್ದು. ಮೂರನೆಯದು ಫೆಬ್ರವರಿಯ ಕಾರ್ನಿವಾಲ್ ಮೆರವಣಿಗೆಯ ಬಟ್ಟೆಗಳ ನೇರಳೆ. ನಾಲ್ಕನೆಯದು ಬಿಳಿ, ಮೊನ್ನೆ ಮೊನ್ನೆಯದು. ಅಂದರೆ ನಾವು ಡಾಕ್ಟರ ಹತ್ತಿರ ಹೋದ ದಿನ ಒಂದು ಸಾಲು ಆಗಲೇ ಆ ರೇಷ್ಮೆ ಬ್ಲೌಸಿನ ಕೆಳಗೆ ಇತ್ತು.

ನಾನು ಅದನ್ನು ಡಾಕ್ಟರಮ್ಮನ ಮುಂದೆ ಹಿಡಿದು, ಒಂದೊಂದು ಸಾಲೂ ಯಾವ ತಿಂಗಳದು ಅಂತ ಹೇಳಿದೆ. ಅವಳು ಬೆರಳಿಟ್ಟು ನೋಡಿದಳು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಯಕೃತ್ತಿಗೂ ಹೋಗಿದೆ ಅಂದಳು. ಈ ದೇಶದವರು ಸುತ್ತಿ ಬಳಸಿ ಹೇಳುವುದಿಲ್ಲ.

"ಅಕ್ಟೋಬರಲ್ಲಿ ಬಂದಿದ್ರೆ?" ಅಂತ ಕೇಳಿದೆ.

"ಆಪರೇಷನ್ ಬಗ್ಗೆ ಮಾತಾಡಬಹುದಿತ್ತೇನೋ. ಖಂಡಿತ ಅಂತ ಹೇಳಲಾರೆ," ಅಂದಳು.

ಅಣ್ಣ ನನ್ನ ಮುಖ ನೋಡುತ್ತಿದ್ದ. ಕ್ಯಾನ್ಸರ್ ಅಂತ ಅವನಿಗೂ ಅತ್ತಿಗೆಗೂ ಹೇಳಿದೆ. ಅಕ್ಟೋಬರ್ ಅಂತ ಹೇಳಲಿಲ್ಲ.

ವಾಸಿ ಮಾಡಲು ಆಗುವುದಿಲ್ಲ, ಆದರೆ ಔಷಧ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಅವರಿಗೆ ಬೇಕಾ ಅಂತ ಡಾಕ್ಟರಮ್ಮ ಕೇಳಿದಳು. ಅತ್ತಿಗೆಯ ಕೈ ಎದೆಗೆ ಹೋಯಿತು. "ಬೇಡಮ್ಮ, ನನಗೋಸ್ಕರ ತೊಂದ್ರೆ ತಗೋಬೇಡ."

ಡಾಕ್ಟರಮ್ಮ ನನ್ನ ಕಡೆ ನೋಡಿದಳು. "ಇನ್ನೊಂದ್ಸಲ ಕೇಳಿ," ಅಂದೆ. "ದಯವಿಟ್ಟು. ನಮ್ಮಲ್ಲಿ ಮೂರು ಸಲ ಕೇಳಬೇಕು."

ಆ ಹುಡುಗಿ ಒಳ್ಳೆಯವಳು. ಅತ್ತಿಗೆಯ ಕೈ ಹಿಡಿದುಕೊಂಡು ಮತ್ತೆ ಕೇಳಿದಳು.

"ನಿನಗೆ ಎಷ್ಟು ಜನ ರೋಗಿಗಳೋ ಏನೋ. ಬೇಡ ಮಗಳೇ."

ಮೂರನೆಯ ಸಲ ಕೇಳಿದಳು. ಅತ್ತಿಗೆ ನನ್ನ ಕಡೆ ತಿರುಗಿ ನಕ್ಕಳು. "ಇವರಿಗೂ ಕೇಳಕ್ಕೆ ಬರುತ್ತಲ್ವೇ!" ಅಂದಳು. ನಕ್ಕ ತುಟಿ ಹಾಗೇ ಸೊಟ್ಟಗಾಯಿತು. "ಬೇಕು ಅಂತ ಹೇಳು. ನಂಗೆ ಬದುಕ್ಬೇಕು ಕಣೇ ಅಗ್ದಸ್. ನಂಗೆ ತುಂಬಾ ಆಸೆ ಇದೆ."

ಅವಳು ಬೇಕು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಣ್ಣ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ.

ಔಷಧ ಕೊಡಲೇ ಇಲ್ಲ. ಕೊಡಬೇಕಾದರೆ ಮೊದಲು ಕಾಮಾಲೆ ಇಳಿಯಬೇಕು, ಮೈಯಲ್ಲಿ ಒಂದಿಷ್ಟು ಬಲ ಬರಬೇಕು. ಎರಡೂ ಆಗಲಿಲ್ಲ. ಪ್ರತಿ ಸೋಮವಾರ ರಕ್ತ ತೆಗೆದರು, ಪ್ರತಿ ಸೋಮವಾರ ಮುಂದಿನ ವಾರ ನೋಡೋಣ ಅಂದರು. ಅತ್ತಿಗೆ ಈಗ ಎಲ್ಲರನ್ನೂ ಬಾಯಿಬಿಟ್ಟು ಕೇಳುತ್ತಿದ್ದಳು, ನರ್ಸನ್ನು, ಕಸ ಗುಡಿಸುವವಳನ್ನು, ಊಟ ತರುವ ಹುಡುಗಿಯನ್ನು. "ಯಾವಾಗ ಕೊಡ್ತಾರಂತೆ? ನಾನು ಬೇಕು ಅಂದಿದೀನಿ ಅಂತ ಅವರಿಗೆ ಗೊತ್ತಾ? ಇನ್ನೊಂದ್ಸಲ ಹೇಳೇ." ನಾನು ಹೇಳುತ್ತಿದ್ದೆ. ಹೇಳಿ ಬಂದು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಮೇ ಹನ್ನೊಂದಕ್ಕೆ ಹೋದಳು. ಐಸೆಲ್ ನದಿಯ ಆಚೆಯ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಹೆಣಕ್ಕೆ ಬಿಳಿ ಬಟ್ಟೆ ಸುತ್ತುವಾಗ ಎಷ್ಟು ಬಟ್ಟೆ ಉಳಿದುಹೋಯಿತು ಅಂತ ನೋಡಿದವಳು ನಾನು.

ಏಳನೆಯ ದಿನ ಮಧ್ಯಾಹ್ನ ಡಾಕ್ಟರ್ ವೆಸ್ಸೆಲಿಂಕ್ ಸೈಕಲ್ಲಿನಲ್ಲಿ ಮನೆಗೆ ಬಂದರು. ಅಣ್ಣ ಟೀ ಬೇಕೇ ಅಂತ ಕೇಳಿದ. ಬೇಡ ಅಂದರು. ಅಣ್ಣ ಮತ್ತೆ ಕೇಳಿದ, ಮೂರನೆಯ ಸಲವೂ ಕೇಳಿದ, ಕೊನೆಗೆ ಬಗ್ಗಿಸಿಯೇ ಬಿಟ್ಟ. ಡಾಕ್ಟರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ನನ್ನನ್ನು ನೋಡಿ ಡಚ್ಚಿನಲ್ಲಿ ಮಾತಾಡಿದರು.

"ನಾನು ಫೈಲು ಎಷ್ಟು ಸಲ ತೆಗೆದು ಓದಿದೆನೋ ಲೆಕ್ಕವಿಲ್ಲ. ಅಕ್ಟೋಬರಲ್ಲಿ ಚೀಟಿ ಕೊಡ್ತೀನಿ ಅಂದಿದ್ದೆ. ಬೇಡ ಅಂದ್ರು. ಹಾಗಂತ ಬರೆದಿಟ್ಟಿದೀನಿ. ನೀವೂ ಇದ್ರಲ್ಲ. ಅವರಿಗೆ ನಿಜವಾಗ್ಲೂ ಬೇಡವಾಗಿತ್ತಾ?"

ಅಣ್ಣ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ.

"ಏನಂತಿದಾರೆ?"

ಹೇಳಬೇಕಿತ್ತು. ಅಲ್ಲೇ, ಅವಳ ಮೇಜಿನ ಮುಂದೆ, ಅವಳ ಹೊಲಿಗೆ ಯಂತ್ರದ ಮುಂದೆ ಹೇಳಬೇಕಿತ್ತು.

"ಅತ್ತಿಗೆ ತುಂಬಾ ಮರ್ಯಾದಸ್ಥೆ ಅಂತಿದಾರೆ," ಅಂದೆ.

ಅಣ್ಣನ ಕಣ್ಣು ತುಂಬಿ ಬಂತು. ಎದ್ದು ಹೋಗಿ ಡಾಕ್ಟರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವಳನ್ನ ಸರಿಯಾಗಿ ಅರ್ಥ ಮಾಡ್ಕೊಂಡಿದಾರೆ," ಅಂದ. "ನಮ್ಮಲ್ಲಿ ಥ್ಯಾಂಕ್ಸ್ ಹೇಳೋ ಹಾಗೆ, ನಿಮ್ಮ ಕೈ ನೋಯದಿರಲಿ ಅಂತ ಹೇಳು ಅವರಿಗೆ. ನೀವು ನಿಮ್ಮ ಕೈಲಾದ್ದೆಲ್ಲಾ ಮಾಡಿದ್ರಿ ಅಂತ ಹೇಳು."

ನಾನು ಹೇಳಿದೆ.